ಎಡಗಡೆಯ ಸೀಸೆಗಳು

ಹೊಸ ಕಪಾಟಿನ ಗಾಜಿನ ಬಾಗಿಲು ತೆರೆದೊಡನೆ ವಾರ್ನಿಷ್ ವಾಸನೆ ಮೂಗಿಗೆ ಅಡರಿತು. ಸೀಸೆಗಳ ಪೆಟ್ಟಿಗೆಗಳನ್ನು ನೆಲಕ್ಕಿಳಿಸಿ ಅವನು ಅಂಗಿಯ ತೋಳು ಮಡಚಿದ. ಹನ್ನೆರಡು ವರ್ಷ ಬಾರಿನ ಕೌಂಟರಿನ ಹಿಂದೆ ನಿಂತು ಒಂದು ತೊಟ್ಟೂ ಹೆಚ್ಚು ಸುರಿಯದವನಾದ್ದರಿಂದ ಎಲ್ಲರೂ ಅವನನ್ನು ‘ತಕ್ಕಡಿ’ ಎಂದೇ ಕರೆಯುತ್ತಿದ್ದರು. ಈ ಮಧ್ಯಾಹ್ನದ ಕೆಲಸ ಮಾತ್ರ ಸಂಬಳದ್ದಲ್ಲ, ಸಲಿಗೆಯದು. ತನ್ನ ಮನೆಯ ಕಪಾಟಿನಲ್ಲಿ ಸೀಸೆ ಜೋಡಿಸಿಕೊಡು ಎಂದು ಅಕ್ಕನ ಗಂಡ ಹೇಳಿ ಕಳಿಸಿದ್ದ. ಮೂಲೆಯ ಮಳಿಗೆಯಲ್ಲಿ ಭಾವ, ಭಾಮೈದ ಇಬ್ಬರೂ ಸೇರಿ ಬಾರು ತೆರೆಯುವುದೆಂದು ಮಾತಾಗಿ ವರ್ಷ ಕಳೆದಿತ್ತು. ಕರಾರಿಗೆ ಸಹಿ ಬೀಳುವುದೊಂದೇ ಬಾಕಿ. ಬಂಡವಾಳ ಭಾವನದು, ಕೈಗುಣ ಇವನದು.

“ಏನಪ್ಪಾ ಭಾಮೈದ, ಎರಡು ಗಂಟೆ ಸಾಕಾ?” ತನ್ನ ಬಣ್ಣದಂಗಡಿಯ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಭಾವ ಕೇಳಿದ.

“ಧಾರಾಳ. ಮನೆಗೆ ಐದಾರು ಸೀಸೆ ಇದ್ರೆ ಆಯ್ತು ಭಾವ. ನೀವು ಕೊಟ್ಟ ಪಟ್ಟಿ ನೋಡಿದ್ರೆ ಇಡೀ ಬೀದೀನೇ ತೂರಾಡೋ ಹಾಗಿದೆ.”

“ನಾಲ್ಕು ಜನ ಬಂದು ಹೋಗೋ ಮನೆ ಕಣಯ್ಯಾ. ಹಾಂ, ಮರೆತಿದ್ದೆ. ಹೆಚ್ಚು ಬಳಸೋ ಸೀಸೆಗಳೆಲ್ಲ ಎಡಗಡೆ ಇರ್ಲಿ. ಸುರಿಯೋ ಕೊಕ್ಕುಗಳು ಬಲಕ್ಕೆ ತಿರುಗಿರ್ಲಿ.”

“ಅದ್ಯಾಕೆ?”

“ನೋಡೋಕೆ ಚೆಂದ.”

ಭಾವ ಮೆಟ್ಟಿಲಿಳಿದು ಹೋದ. ತಕ್ಕಡಿ ಮೊದಲ ಸೀಸೆಯ ಬಿರಡೆ ತೆಗೆದು, ಸುರಿಯಲು ಬಳಸುವ ಉಕ್ಕಿನ ಕೊಕ್ಕನ್ನು ಸಿಕ್ಕಿಸಿದ. ಸಿಕ್ಕಿಸಿದ ಕೈ ಅಲ್ಲೇ ನಿಂತಿತು.

ಬಲಗೈಯವನಿಗೆ ಬೇಕಾದ ಸೀಸೆ ಬಲಗಡೆ ಇರಬೇಕು. ಕೊಕ್ಕು ಎಡಕ್ಕೆ ನೋಡಬೇಕು. ಎತ್ತಿದರೆ ನೇರ ಲೋಟಕ್ಕೆ. ಅದನ್ನು ತಿರುಗುಮುರುಗಾಗಿ ಜೋಡಿಸಿಕೊಳ್ಳುವವನು ಅವನಿಗೆ ತಿಳಿದ ಮಟ್ಟಿಗೆ ಒಬ್ಬನೇ: ಅವನಿಗೆ ಈ ವಿದ್ಯೆ ಕಲಿಸಿದ ಎಡಚ ಉಸ್ತಾದ್. ಬಣ್ಣದ ಡಬ್ಬಿ ಮಾರುವ ಭಾವನಿಗೆ ಕೊಕ್ಕಿನ ಗೊಡವೆ ಎಲ್ಲಿಂದ ಬಂತು?

ಛೇ, ಇರಲಾರದು ಎಂದುಕೊಂಡ. ಆದರೂ ಪಟ್ಟಿಯನ್ನು ಮತ್ತೆ ಬಿಡಿಸಿದ. ಮುಖ ಮರೆತರೂ ಯಾರು ಏನು ಕುಡಿಯುತ್ತಾರೆಂಬುದನ್ನು ಅವನು ಮರೆತವನಲ್ಲ. ಹೊಗೆ ವಾಸನೆಯ ವಿಸ್ಕಿ ಮೂಲೆ ಮಳಿಗೆಯ ಯಜಮಾನರದು. ಬೇರೆ ಯಾರೂ ಅದನ್ನು ಮೂಸಿಯೂ ನೋಡರು. ಸಿಹಿ ದ್ರಾಕ್ಷಾರಸ ಅವರ ವಕೀಲರದು. ಕಪ್ಪು ರಮ್ಮು ಭಾವನದು. ತುದಿಯಿಂದ ತುದಿಗೆ ಬೆರಳೋಡಿಸಿದ. ಶುಂಠಿ ಸೋಡಾ ಇರಲಿಲ್ಲ.

ಮದ್ಯ ಮುಟ್ಟದ ತಕ್ಕಡಿ ಕುಡಿಯುವುದು ಅದೊಂದನ್ನೇ. ಈ ಮನೆಯಲ್ಲಿ ಅದು ತಪ್ಪಿದ ದಿನವಿರಲಿಲ್ಲ.

ಕಳೆದ ವಾರ ಉಸ್ತಾದ್ ಲೋಟ ಒರೆಸುತ್ತ, “ಆ ಮಳಿಗೇಲಿ ನೀರಿನ ನಲ್ಲಿ ಯಾವ ಕಡೆ ಮಗಾ?” ಎಂದು ಕೇಳಿದ್ದು ಈಗ ಮುಳ್ಳಿನಂತೆ ಚುಚ್ಚಿತು. ಇವನು ಹಿಗ್ಗಿನಿಂದ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದ.

ಅಕ್ಕ ಲೋಟಗಳ ತಟ್ಟೆ ಹಿಡಿದು ಬಂದಳು. ತಾಯಿ ಹೋದ ಮೇಲೆ ತುತ್ತು ತಿನ್ನಿಸಿ ಬೆಳೆಸಿದ ಕೈ ಅದು.

“ಅಕ್ಕಾ, ಇವತ್ತು ಸಹಿ ಎಷ್ಟು ಗಂಟೆಗೆ?”

“ಏಳಕ್ಕೆ ಅಂದ್ರು...” ಎಂದವಳು ಗಕ್ಕನೆ ನಿಂತಳು. ತಟ್ಟೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. “ನಿಂಗ್ಯಾರು ಹೇಳಿದ್ರು?”

“ಸೀಸೆಗಳು. ಉಸ್ತಾದೂ ಬರ್ತಿದಾರೆ, ಅಲ್ವಾ?”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಅವರಿಗೆ ಹೆಸರಿದೆ, ಜನ ಹುಡುಕ್ಕೊಂಡು ಬರ್ತಾರೆ, ಪಾಲು ಅವರ ಜೊತೇಲೇ ಅಂತಾರೆ ನಿಮ್ಮ ಭಾವ. ನಿಂಗೂ ಅವರ ಕೈಕೆಳಗೆ ಕೆಲಸ ಕೊಡ್ತಾರಂತೆ ಕಣೋ. ಸಹಿ ಆದ್ಮೇಲೆ ನಾಳೆ ಸಮಾಧಾನವಾಗಿ ಹೇಳೋಣ ಅಂತ...”

“ಮಳಿಗೆ ಹುಡುಕಿದ್ದು ನಾನು. ಯಜಮಾನರನ್ನ ಒಪ್ಪಿಸಿದ್ದೂ ನಾನೇ. ನಿಂಗೆ ಯಾವತ್ತಿಂದ ಗೊತ್ತು?”

“ತಿಂಗಳಾಯ್ತು.”

ತಿಂಗಳಲ್ಲಿ ನಾಲ್ಕು ಭಾನುವಾರ. ನಾಲ್ಕು ಸಲ ಈಕೆ ತನ್ನ ಕೈಯಾರೆ ಶುಂಠಿ ಸೋಡಾ ಸುರಿದು ಕೊಟ್ಟು, ‘ಬಾರಿಗೆ ಏನು ಹೆಸರಿಡ್ತೀಯೋ?’ ಎಂದು ಕೇಳಿದ್ದಳು. ಭಾವ ಬೆನ್ನಿಗೆ ಇರಿದಿದ್ದ; ಉಸ್ತಾದ್ ಚೂರಿ ಮಸೆದು ಕೊಟ್ಟಿದ್ದ. ಅಕ್ಕ ಗಾಯಕ್ಕೆ ಕಟ್ಟಲು ಮೊದಲೇ ಬಟ್ಟೆ ಹರಿದಿಟ್ಟುಕೊಂಡು ಕಾದಿದ್ದಳು. ಅವನಿಗೆ ಹೆಚ್ಚು ನೋವಾದದ್ದು ಆ ಬಟ್ಟೆಯಿಂದ.

“ಬೈದ್ಬಿಡೋ,” ಎಂದಳು ಅಕ್ಕ.

ಅವನು ಬೈಯಲಿಲ್ಲ. ಅರ್ಧಕ್ಕೆ ಕೈಬಿಡುವುದು ಅವನ ಕಸುಬಿನಲ್ಲಿಲ್ಲ. ವಿಸ್ಕಿ, ರಮ್ಮು ಎಡಕ್ಕೆ, ಕೊಕ್ಕುಗಳು ಬಲಕ್ಕೆ; ಎಡಗೈ ಚಾಚಿದರೆ ಸಾಕು ಎಂಬಂತೆ ಒಂದೊಂದನ್ನೂ ಅಳೆದು ಇಟ್ಟ. ಎಡತುದಿಯಲ್ಲಿ ಒಂದು ಪುಟ್ಟ ಸೀಸೆ ಹಿಡಿಯುವಷ್ಟು ಜಾಗ ಉಳಿಯಿತು.

ಆ ಸೀಸೆ ಅವನ ಚೀಲದಲ್ಲಿತ್ತು: ಕಿತ್ತಳೆ ಸಿಪ್ಪೆ, ಬೇರುಗಳನ್ನು ಮೂರು ತಿಂಗಳು ನೆನೆಹಾಕಿ ತೆಗೆದ ಕಹಿಸಾರ. ಉಡುಗೊರೆಯೆಂದು ತಂದಿದ್ದ. ಮಳಿಗೆಯ ಯಜಮಾನರು ವಿಸ್ಕಿಗೆ ಅದರ ನಾಲ್ಕು ಹನಿ ಬೀಳದೆ ಲೋಟ ಮುಟ್ಟುವವರಲ್ಲ. ‘ಈ ಕೈರುಚಿಗಾಗಿ ಮಳಿಗೆ ಕೊಡ್ತೀನಿ’ ಎಂದು ಮಾತು ಕೊಟ್ಟದ್ದೂ ಆ ಹನಿಗಳ ಮೇಲೆಯೇ. ಅದರ ಪಾಕವನ್ನು ಅವನು ಉಸ್ತಾದನಿಗೂ ಹೇಳಿಕೊಟ್ಟಿರಲಿಲ್ಲ.

ಚೀಲದ ಬಾಯಿ ಬಿಗಿದು ಹೆಗಲಿಗೇರಿಸಿದ.

“ಆ ಜಾಗ ಖಾಲಿ ಬಿಟ್ಯಲ್ಲೋ?” ಅಕ್ಕ ಕೇಳಿದಳು.

“ಏಳು ಗಂಟೆಗೆ ಯಜಮಾನರೇ ಕೇಳ್ತಾರೆ. ಯಾಕೆ ಖಾಲಿ ಅಂತ ನೀನೇ ಹೇಳಕ್ಕಾ. ಇವತ್ತೇ ಹೇಳು, ನಾಳೆಗೆ ಇಟ್ಕೋಬೇಡ.”

ಗಾಜಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಅದರ ಮೇಲೆ ಮೂಡಿದ್ದ ತನ್ನ ಬೆರಳಚ್ಚನ್ನು ಒರೆಸಿ, ಅವನು ಹೊರಟುಹೋದ.