ಹಗ್ಗದ ಮಸೂದೆ

ಆರ್ವಿಲ್ ಸ್ಟೆನ್‌ಕ್ಯಾಂಪ್‌ಗೆ ಶಾಸಕನಾಗಿದ್ದುಕೊಂಡೇ ಕೂದಲು ಬೆಳ್ಳಗಾಗಿತ್ತು. ಅದರಲ್ಲಿ ಅರ್ಧ ಕಾಲ ಅವನೇ ಕೃಷಿ ಸಮಿತಿಯ ಅಧ್ಯಕ್ಷ. ಅಧ್ಯಕ್ಷ ಚರ್ಚೆಗೆ ಕರೆಯದ ಮಸೂದೆ ಸಮಿತಿಯಲ್ಲೇ ಸಾಯುತ್ತಿತ್ತು. ಯಾರೂ ಬೇಡವೆಂದು ಕೈ ಎತ್ತಬೇಕಾಗಿರಲಿಲ್ಲ, ಯಾರ ಹೆಸರೂ ಕೆಡುತ್ತಿರಲಿಲ್ಲ. ಹಾಗೆ ಸದ್ದಿಲ್ಲದೆ ಸಾಯಿಸುವುದರಲ್ಲಿ ಅವನ ಕೈ ಪಳಗಿತ್ತು.

ಲೊರೆಟ್ಟಾ ದ್ವೊರಾಕಳ ಮಸೂದೆಯನ್ನೂ ಪ್ರತಿ ವರ್ಷ ಹಾಗೇ ಸಾಯಿಸಿದ್ದ. ಅವಳ ಮಗ ಡಾರೆಲ್ ಸಹಕಾರ ಸಂಘದ ಕಣಜದಲ್ಲಿ ಹೆಪ್ಪುಗಟ್ಟಿದ ಗೋಧಿ ಒಡೆಯಲು ಒಬ್ಬನೇ ಇಳಿದು, ಗೋಧಿಯಲ್ಲೇ ಮುಳುಗಿಹೋಗಿದ್ದ. ಇಳಿಯುವವನ ಸೊಂಟಕ್ಕೆ ಹಗ್ಗ ಇರಬೇಕು, ಅದನ್ನು ಹಿಡಿದವನೊಬ್ಬ ಮೇಲಿರಬೇಕು. ಮಸೂದೆ ಕೇಳಿದ್ದು ಅಷ್ಟೇ. ಆದರೆ ಸಂಘದವರು ಆರ್ವಿಲ್‌ನ ಜನ, ಇಗರ್ಜಿಯಲ್ಲಿ ಒಂದೇ ಬೆಂಚಿನವರು. ಸುಗ್ಗಿಯಲ್ಲಿ ಇನ್ನೊಬ್ಬನನ್ನು ಎಲ್ಲಿಂದ ತರುವುದು ಎಂದು ಅವರು ಕೇಳಿದರೆ ಇವನು ತಲೆದೂಗುತ್ತಿದ್ದ.

ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಸಾರಿದ ಮೇಲೆ ಆರ್ವಿಲ್ ಲೊರೆಟ್ಟಾಳ ಅಡುಗೆಮನೆಯಲ್ಲಿ ಕುಳಿತು ಮಾತು ಕೊಟ್ಟ. ಈ ಸಲ ನಿನ್ನ ಮಸೂದೆಯನ್ನು ಕರೆದೇ ಕರೆಯುತ್ತೇನೆ ಎಂದ. ಅವಳು ಏಪ್ರಿಕಾಟ್ ತುಂಬಿದ ಕೊಲಾಚೆ ರೊಟ್ಟಿಗಳನ್ನು ಕಟ್ಟಿಕೊಟ್ಟಳು.

ಗಡುವಿನ ದಿನ ಮಧ್ಯಾಹ್ನದೊಳಗೆ ಸಮಿತಿಯ ಕೆಲಸ ಮುಗಿಯಬೇಕು. ಆಮೇಲೆ ಯಾವ ಮಸೂದೆಗೂ ಜೀವವಿಲ್ಲ. ಲೊರೆಟ್ಟಾ ಕೋಟನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಕಳೆನಾಶಕದ್ದು ಮುಗಿಯಿತು, ಬೇಲಿ ತಂಟೆಯದ್ದು ಮುಗಿಯಿತು. ಉಳಿದದ್ದು ಅವಳದೊಂದೇ. ಆರ್ವಿಲ್ ತಲೆ ಎತ್ತಿದಾಗ ಗೋಡೆ ಪಕ್ಕ ನಿಂತಿದ್ದ ಸಂಘದ ಕಾರ್ಯದರ್ಶಿ ಕಂಡ. ಬೆದರಿಸಲಿಲ್ಲ, ಸನ್ನೆ ಮಾಡಲಿಲ್ಲ. ಊರವನನ್ನು ಕಂಡ ಖುಷಿಗೆ ಸುಮ್ಮನೆ ನಕ್ಕ.

ಇನ್ನು ಯಾವ ವಿಷಯವೂ ಇಲ್ಲವಾದ್ದರಿಂದ ಸಭೆ ಮುಗಿಯಿತು ಎಂದು ಆರ್ವಿಲ್‌ನ ನಾಲಿಗೆ ಎಂದಿನ ಪಾಠ ಒಪ್ಪಿಸಿತು. ಸಭೆ ಮುಗಿಸುವ ಮರದ ಸುತ್ತಿಗೆ ಮೇಜಿಗೆ ಬಿತ್ತು.

ಪಕ್ಕದ ಕುರ್ಚಿಯ ಸದಸ್ಯ ಟಿಸ್ಡೇಲ್ ಅವನತ್ತ ಬಾಗಿದ. “ಏನ್ ಮುದುಕಪ್ಪಾ, ನಿದ್ದೆ ಬಂತಾ? ಹಗ್ಗದ್ದು ಉಳ್ಕೊಂಡಿದೆ. ಎಲ್ರೂ ಇಲ್ಲೇ ಇದೀವಿ, ಒಪ್ಪಿದ್ರೆ ಸಭೆ ಮತ್ತೆ ತೆಗೀಬಹುದು. ಬೇಗ ಹೇಳು, ಹೊಟ್ಟೆ ಚುರ್ ಅಂತಿದೆ.”

ಗಡಿಯಾರದಲ್ಲಿ ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಆರ್ವಿಲ್ ಅದನ್ನು ನೋಡಿದ. ನಾಲಿಗೆ ಜಾರಿದ್ದು ರೂಢಿಯಿಂದ ಎಂದು ಬೇಕಾದರೆ ನಂಬಬಹುದಿತ್ತು. ಈಗ ಆ ನೆಪವೂ ಇರಲಿಲ್ಲ.

“ಹೊತ್ತಾಯ್ತು ಬಿಡೋ” ಎಂದ.

ಲೊರೆಟ್ಟಾ ಮೇಜಿನ ತನಕ ಬಂದಳು. ಕೂಗಾಡುತ್ತಾಳೆ ಎಂದುಕೊಂಡಿದ್ದ. ಹಾಗಾದರೂ ಆಗಲಿ ಎಂದು ಮನಸ್ಸು ಬೇಡಿತ್ತು.

“ಮರ್ತುಬಿಟ್ರಿ, ಅಲ್ವಾ ಆರ್ವಿಲ್?” ಎಂದಳು ಮೆತ್ತಗೆ. “ಊರಲ್ಲಿ ಕೇಳಿದ್ರೆ ಹಾಗೇ ಹೇಳ್ತೀನಿ. ವಯಸ್ಸಾಯ್ತಲ್ಲ, ಯಾರೂ ತಪ್ಪು ತಿಳ್ಕೊಳಲ್ಲ.”

ಹೇಳಿ, ಅವನ ಮುಖವನ್ನೇ ನೋಡುತ್ತ ನಿಂತಳು. ಅಲ್ಲ ಎನ್ನಲಿ ಎಂದು ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು.

“ಹೌದು ಲೊರೆಟ್ಟಾ. ಮರ್ತೆ.”

ಅವಳು ತಲೆಯಾಡಿಸಿ ಕೋಟು ತೊಟ್ಟು ಹೊರಟಳು. ಅವಳು ಬಾಗಿಲು ದಾಟುವ ಮೊದಲೇ ಸದಸ್ಯರೆಲ್ಲ ಎದ್ದುನಿಂತು, ಹಿರಿಯನ ಕೊನೆಯ ಸಭೆಯೆಂದು ಚಪ್ಪಾಳೆ ತಟ್ಟತೊಡಗಿದರು. ಆರ್ವಿಲ್ ತಲೆ ತಗ್ಗಿಸಿದ. ಅವರು ಅದನ್ನು ವಿನಯ ಅಂದುಕೊಂಡು ಇನ್ನಷ್ಟು ಜೋರಾಗಿ ತಟ್ಟಿದರು.