ಮೇಷ್ಟ್ರು ಕಾಪಿ ಹೊಡೆದ ಪರೀಕ್ಷೆ

ಹೇಳಿ ಹೇಳಿ ಮಗಳ ನಾಲಿಗೆ ಸವೆದಿತ್ತು. ಹೊಟ್ಟೆಯ ಸೋಂಕು ಪತ್ತೆಹಚ್ಚುವ ಉಸಿರು ಪರೀಕ್ಷೆಗೆ ಎರಡು ವಾರ ಮೊದಲಿನಿಂದ ಆಮ್ಲ ತಗ್ಗಿಸುವ ಮಾತ್ರೆ ಮುಟ್ಟಕೂಡದು, ನುಂಗಿದರೆ ಹೊಟ್ಟೆಯ ಬ್ಯಾಕ್ಟೀರಿಯಾ ತೆಪ್ಪಗೆ ಕೂತುಬಿಡುತ್ತದೆ, ಇದ್ದರೂ ಇಲ್ಲವೆಂದೇ ಫಲಿತಾಂಶ ಬರುತ್ತದೆ ಎಂದು ಫೋನಿನಲ್ಲಿ ಮೂರು ಸಲ ಹೇಳಿದ್ದಳು. ಸಾಲದೆಂದು ಚೀಟಿ ಬರೆದು ತವರಿನ ಫ್ರಿಜ್ಜಿಗೆ ಅಂಟಿಸಿ ಬಂದಿದ್ದಳು. ನಿವೃತ್ತ ಮೇಷ್ಟ್ರಾದ ಅಪ್ಪ ಅದರಲ್ಲಿದ್ದ ತಪ್ಪೊಂದನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದರು. ಓದಿದ್ದಾರೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು!

ಈಗ ಅವಳ ಲ್ಯಾಬಿನ ಮೇಜಿನ ಮೇಲೆ ಅಪ್ಪನ ಎರಡು ವರದಿಗಳು ಜಗಳಕ್ಕೆ ನಿಂತಿದ್ದವು. ಸೋಂಕಿಲ್ಲ ಎಂದಿತು ಉಸಿರು. ರಕ್ತದ ಸೂಚಕಗಳದ್ದು ಬೇರೆಯೇ ರಾಗ. ಬ್ಯಾಕ್ಟೀರಿಯಾದ ವಿರುದ್ಧ ದೇಹ ಹೋರಾಡಿದ ಗುರುತಿತ್ತು, ಆಮ್ಲ ಸುರಿಸೆಂದು ಹೊಟ್ಟೆಗೆ ಹೇಳುವ ಗ್ಯಾಸ್ಟ್ರಿನ್ ಅಟ್ಟ ಹತ್ತಿ ಕೂತಿತ್ತು, ಜೀರ್ಣರಸದ ಪೆಪ್ಸಿನೋಜೆನ್ ಅದರ ಬೆನ್ನು ಹಿಡಿದಿತ್ತು. ದಿನಾ ಮಾತ್ರೆ ನುಂಗುವವರ ರಕ್ತ ಹೀಗಿರುತ್ತದೆ. ಹದಿನೆಂಟು ವರ್ಷ ಇದನ್ನೇ ನೋಡಿದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ದೊಡ್ಡಪ್ಪ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋಗಿದ್ದರು. ಅಪ್ಪನ ಹೊಟ್ಟೆಯ ಉರಿಯೂತ ಎಲ್ಲಿಗೆ ಮುಟ್ಟಿದೆ ಎಂದು ಈಗಲೇ ತಿಳಿಯದಿದ್ದರೆ ಮುಂದೆ ತಿಳಿದೂ ಪ್ರಯೋಜನವಿರಲಿಲ್ಲ.

ಸಂಜೆ ನೇರ ತವರಿಗೆ ಹೋದಳು. ಚಪ್ಪಲಿ ಬಿಡುವಷ್ಟರಲ್ಲೇ ಕೇಳಿದಳು.

"ಅಪ್ಪಾ, ಮಾತ್ರೆ ತಗೊಂಡ್ರಾ?"

"ಛೆ, ಎಲ್ಲಾದ್ರೂ ಉಂಟಾ?"

ಅಮ್ಮ ಅಪ್ಪನ ಮೇಜಿನ ಕಡೆ ಗದ್ದ ತಿರುಗಿಸಿದಳು. ಮಗಳು ಅಲ್ಲಿದ್ದ ಹಳೆಯ ಜಾಮಿಟ್ರಿ ಬಾಕ್ಸ್ ತೆರೆದಳು. ಕೈವಾರದ ಕೆಳಗೆ ಮಾತ್ರೆಯ ಹಾಳೆ ಮಡಚಿ ಕೂತಿತ್ತು. ಹತ್ತರಲ್ಲಿ ಎರಡು ಉಳಿದಿದ್ದವು.

ಮೂವತ್ತೈದು ವರ್ಷ ಪರೀಕ್ಷೆಯ ಕೋಣೆಯಲ್ಲಿ ಹುಡುಗರ ತೋಳು ಮಡಚಿಸಿ, ಬೂಟು ಬಿಚ್ಚಿಸಿ ಚೀಟಿ ಹುಡುಕಿದ ಮನುಷ್ಯ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಕಾಪಿ ಹೊಡೆದಿದ್ದೀರಲ್ಲಪ್ಪಾ! ಯಾರಿಗೆ ಮೋಸ ಮಾಡೋಕೆ? ನನಗಾ, ನಿಮ್ಮ ಹೊಟ್ಟೆಗಾ?"

"ಪಾಸಾಗ್ಬೇಕಿತ್ತು ಕಣೆ."

"ಇದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ! ಎಷ್ಟು ಸಲ ಬಡ್ಕೊಳ್ಳಿ ನಾನು?"

ಅಪ್ಪ ಜಾಮಿಟ್ರಿ ಬಾಕ್ಸಿನ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ನಿಮ್ಮ ದೊಡ್ಡಪ್ಪನ ರಿಪೋರ್ಟ್ ಓದಿ ಹೇಳಿದ್ದು ನಾನೇ. ಅವತ್ತು ಬೆಳಿಗ್ಗೆ ಅಣ್ಣ ಸೈಕಲ್ ತುಳ್ಕೊಂಡು ಬಂದಿದ್ದ. ನಾನು ಓದಿದ ಮೇಲೆ ಮಲಗಿದವನು ಮತ್ತೆ ಏಳಲೇ ಇಲ್ಲ. ಮೂರೇ ತಿಂಗಳು."

ಬಾಯಿಗೆ ಬಂದಿದ್ದ ಬೈಗುಳವನ್ನು ಮಗಳು ನುಂಗಿಕೊಂಡಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಇಷ್ಟು ವರ್ಷ ಇದನ್ನು ಎದೆಯಲ್ಲಿಟ್ಟುಕೊಂಡು ಒಂದು ಮಾತೂ ಆಡದ ಅಪ್ಪನ ಮೇಲೆ ಅದು ಇನ್ನಷ್ಟು ಹೆಚ್ಚಿತು.

"ನಿಮ್ಮ ಸ್ಕೂಲಲ್ಲಿ ಕಾಪಿ ಸಿಕ್ಕಿದ್ರೆ ಏನು ಮಾಡ್ತಿದ್ರಿ?"

"ಪೇಪರ್ ಕಿತ್ಕೊಂಡು, ನನ್ನ ಮುಂದೆ ಕೂರಿಸಿ ಮತ್ತೆ ಬರೆಸ್ತಿದ್ದೆ."

"ಹಾಗಾದ್ರೆ ಬರೀರಿ."

ಮಾತ್ರೆಯ ಹಾಳೆಯನ್ನು ಅವರೇ ಅವಳ ಕೈಗಿಟ್ಟರು. ಆಮೇಲಿನ ಹದಿನಾಲ್ಕು ದಿನ ಎದೆಯುರಿ ಅವರನ್ನು ಹಿಂಡಿ ಹಿಪ್ಪೆ ಮಾಡಿತು. ಬೆಳಗಾದರೆ ಫೋನು. "ಇವತ್ತೂ ನುಂಗಿಲ್ಲ" ಎಂದು ಗದರಿಸುವ ದನಿಯಲ್ಲಿ ಹೇಳಿ, ಅವಳು ಉತ್ತರಿಸುವ ಮೊದಲೇ ಇಟ್ಟುಬಿಡುತ್ತಿದ್ದರು. ಕೆಲಸದ ನಡುವೆ ಅದೊಂದು ಕಾಟವಾಯಿತು. ಒಂದು ದಿನ ಫೋನು ತಡವಾದಾಗ ಅವಳೇ ಗಡಿಯಾರ ನೋಡುತ್ತ ಕೂತಳು.

ಹದಿನೈದನೆಯ ದಿನ ಅಪ್ಪ ಲ್ಯಾಬಿಗೆ ಬಂದು ರಕ್ತ ಕೊಟ್ಟರು. ಕೊಟ್ಟ ದ್ರಾವಣ ಕುಡಿದು, ಅರ್ಧ ಗಂಟೆ ಕೈಕಟ್ಟಿ ಕೂತು, ಚೀಲದೊಳಗೆ ಉಸಿರು ಊದಿದರು. ಎರಡೂ ವರದಿಗಳನ್ನು ಮಗಳೇ ಮನೆಗೆ ತಂದಳು.

"ಬ್ಯಾಕ್ಟೀರಿಯಾ ಇದೆ ಅಪ್ಪಾ. ಎರಡು ವಾರ ಆಂಟಿಬಯಾಟಿಕ್ ಮಾತ್ರೆ ತಗೊಂಡ್ರೆ ಹೋಗುತ್ತೆ ಅಂದ್ರು ಡಾಕ್ಟ್ರು. ಹೊಟ್ಟೆಯ ಒಳಪದರ ಸವೆದಿರೋ ಲಕ್ಷಣ ರಕ್ತದಲ್ಲಿಲ್ಲ. ಸಮಯಕ್ಕೆ ಸಿಕ್ಕಿದೆ."

ಅವರು ವರದಿಯನ್ನು ಕೈಗೆ ತೆಗೆದುಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು.

"ಅಣ್ಣಂಗೂ ಇದೇ ಇತ್ತೇನೆ?"

"ಇದ್ದಿರಬಹುದು. ಯಾರೂ ನೋಡಿರಲಿಲ್ಲ."

"ಹತ್ತು ವರ್ಷ ಎದೆ ಉರಿ, ಎದೆ ಉರಿ ಅಂತಿದ್ದ." ಅಪ್ಪ ವರದಿಯನ್ನು ಮಡಚಲು ಹೋಗಿ ಮಡಚಲಾರದೆ ಮೊಣಕಾಲ ಮೇಲಿಟ್ಟುಕೊಂಡರು. "ಇದಕ್ಕೆಲ್ಲ ಡಾಕ್ಟ್ರು ಯಾಕೆ ಅಂತ ನನ್ನ ಮಾತ್ರೆ ನಾನೇ ಅವನಿಗೆ ಕೊಡ್ತಿದ್ದೆ ಕಣೆ."