ಕಂಬಳಿ ಕಂಡ ಸಾಕ್ಷಿ

ಚಟ್ಟಕ್ಕೆ ಮೂರು ಹೆಗಲು ಸಿಕ್ಕಿದ್ದವು. ನಾಲ್ಕನೆಯದಕ್ಕಾಗಿ ಸತ್ತವನ ತಮ್ಮ ನಾಗಭೂಷಣ ಓಣಿಯ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದ. ಅವನು ನೋಡಿದ ಮುಖವೆಲ್ಲ ಆಕಾಶ ನೋಡಿತು.

"ಕೋರ್ಟೇ ಬಿಟ್ಟೈತಿ, ನಿಮಗೇನ್ರೋ ರೋಗ?" ಎಂದು ಕೂಗಿದ.

"ಹಂಗಾರ ಕೋರ್ಟಿನವರನ್ನ ಕರ್ಕೊಂಬಾ, ಹೆಗಲು ಕೊಡಾಕ," ಎಂದಿತು ಬೇವಿನ ಮರದಡಿಯಿಂದ ಒಂದು ದನಿ.

ಗಾದಿಲಿಂಗಮ್ಮ ಗಂಡನ ತಲೆದೆಸೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಕುರಿ ಕಾಯುವ ಆಂಜನೇಯ ಎದೆನೋವೆಂದು ಮಲಗಿದವನು ಬೆಳಗಾಗುವಷ್ಟರಲ್ಲಿ ತಣ್ಣಗಾಗಿದ್ದ. ಕೊಲೆ ಮೊಕದ್ದಮೆಯಿಂದ ಖುಲಾಸೆಯಾಗಿ ಬಂದು ಎಷ್ಟೋ ವರ್ಷಗಳಾಗಿದ್ದವು. ಕೋರ್ಟು ಬಿಟ್ಟರೂ ಊರು ಬಿಟ್ಟಿರಲಿಲ್ಲ. ಬೀಡಿಗೆ ಬೆಂಕಿ ಬೇಕಾದರೂ ಯಾರೂ ಅವನ ಮುಂದೆ ಕೈ ಚಾಚುತ್ತಿರಲಿಲ್ಲ.

ಕಡೆಗೆ ಚಿಪ್ಪಗಿರಿಯಿಂದ ಹೂವು ತಂದಿದ್ದ ಆಟೊದವನನ್ನೇ ಎಳೆದು ನಿಲ್ಲಿಸಿದರು. ಪಾಪ, ಅವನಿಗೆ ಕತೆ ಗೊತ್ತಿರಲಿಲ್ಲ.

*

ಕೊಲೆಯಾದವನು ಉರುಕುಂದಪ್ಪ, ಅದೇ ಓಣಿಯವನು. ಕುರಿ ಮೇಯಿಸುವ ಹೊಲಕ್ಕಾಗಿ ಅವನಿಗೂ ಆಂಜನೇಯನಿಗೂ ಆಗುತ್ತಿದ್ದ ಜಗಳ ಊರೆಲ್ಲ ಬಲ್ಲ ಸಂಗತಿ. ಮುಸ್ಸಂಜೆಯಲ್ಲಿ ಬಾವಿಯ ಬಳಿ ಯಾರೋ ಅವನನ್ನು ಕಡಿದು ಹಾಕಿದರು. ಕಂಡವನು ಒಬ್ಬನೇ, ಕಂಡದ್ದು ಓಡುವ ಬೆನ್ನು.

ಆದೋನಿಯ ಕೋರ್ಟಿನಲ್ಲಿ ವಕೀಲರು ಆ ಸಾಕ್ಷಿಯನ್ನು ಕೇಳಿದರು: "ಮುಖ ಕಂಡ್ಯೇನು?"

"ಕಂಬಳಿ ಕಂಡೆ ಸಾರ್. ಆಂಜನೇಯಂದು."

"ನಿನಗೂ ಕಂಬಳಿ ಐತೇನು?"

"ಐತ್ರಿ."

"ಅದೂ ಕರೇದೇನು?"

"ಎಲ್ಲಾರದೂ ಕರೇದೇ ಸಾರ್."

ಅಲ್ಲಿಗೆ ಮುಗಿಯಿತು. ಸಂಶಯಕ್ಕೆ ಎಡೆಯಿಲ್ಲದಂಥ ಪುರಾವೆ ಬೇಕು, ಸಂಶಯ ಉಳಿದರೆ ಅದರ ಲಾಭ ಆರೋಪಿಗೆ, ಎಂದರು ಜಡ್ಜು. ಲಾಭ ಆಂಜನೇಯನಿಗೆ ಹೋಯಿತು. ಸಂಶಯ ಗಾದಿಲಿಂಗಮ್ಮನ ಪಾಲಿಗೆ ಬಂತು.

ಕೊಲೆಯಾದ ಸಂಜೆ ಆಂಜನೇಯನ ಕಂಬಳಿಯಲ್ಲಿ ರಕ್ತವಿತ್ತು. "ಕುರಿ ಈದೈತಿ. ಮರಿ ಸತ್ತು ಹುಟ್ತು, ಅಲ್ಲೇ ಹೂತು ಬಂದೆ," ಎಂದಿದ್ದ. ಕುರಿಯವರ ಮನೆಗೆ ರಕ್ತ ಹೊಸದೇ? ಆಕೆ ತೊಳೆದು ಹಾಕಿದಳು. ಪೊಲೀಸರು ಬಂದಾಗ ಕಂಬಳಿ ಬಿಸಿಲಲ್ಲಿ ಒಣಗುತ್ತಿತ್ತು. ಆಮೇಲೆ ದಿನವೂ ಕೇಳಬೇಕೆಂದುಕೊಳ್ಳುತ್ತಲೇ ರೊಟ್ಟಿ ಬಡಿದಳು. ಇಲ್ಲ ಎಂದರೆ ನಂಬಲಾರಳು, ಹೌದು ಎಂದರೆ ಬಾಳಲಾರಳು. ಅತ್ತ ದರಿ, ಇತ್ತ ಪುಲಿ. ಹಾಗಾಗಿ ಕೇಳಲೇ ಇಲ್ಲ.

*

ದಾರಿಯ ನಡುವೆ ಚಟ್ಟ ಇಳಿಸಿದರು. ಹೋದವನಲ್ಲಿ ಇನ್ನೂ ಜೀವವಿದ್ದೀತೆಂಬ ಆಸೆಗೆ, ಹತ್ತಿರದವರು ಅಲ್ಲಿ ಅವನ ಕಿವಿಯಲ್ಲಿ ಮೂರು ಸಲ ಹೆಸರು ಕರೆಯುವುದು ಈ ಕಡೆಯ ಪದ್ಧತಿ. ಅಲ್ಲಿಂದ ಮುಂದೆ ಹೆಂಗಸರು ಹೋಗುವಂತಿಲ್ಲ.

"ಮಕ್ಕಳಂತೂ ಇಲ್ಲ, ನೀನೇ ಕರಿ ವದಿನಾ," ಎಂದ ನಾಗಭೂಷಣ ಅತ್ತಿಗೆಗೆ. "ಇವತ್ತು ಗಂಡನ ಹೆಸರು ಹಿಡಿದ್ರ ತಪ್ಪಿಲ್ಲ. ಜಲ್ದಿ, ಬಿಸಿಲು ಏರಾಕತ್ತೈತಿ."

ಅಷ್ಟರಲ್ಲಿ ಗಂಡಸರು ಸರಿದು ದಾರಿ ಬಿಟ್ಟರು. ಬಂದವಳು ಉರುಕುಂದಪ್ಪನ ಹೆಂಡತಿ ಉಚ್ಚಮ್ಮ. ಮಣ್ಣು ತೂರಿ ಶಾಪ ಹಾಕುತ್ತಾಳೆಂದು ಎಲ್ಲರೂ ಕಾದರು. ಆಕೆ ಗಾದಿಲಿಂಗಮ್ಮನ ಪಕ್ಕದಲ್ಲಿ ಕೂತಳು.

"ನಿನಗರ ಹೇಳ್ಯಾನೇನವ್ವ?"

"ಇಲ್ಲಕ್ಕ."

"ಸಾಯೋ ಮುಂದರ?"

"ನಾನು ಕೇಳಲಿಲ್ಲಕ್ಕ." ಹೇಳುವಾಗ ಗಾದಿಲಿಂಗಮ್ಮನಿಗೆ ಬೆಳಗಿನಿಂದ ಬಾರದಿದ್ದ ಅಳು ಬಂತು. ಕೇಳಲು ಇನ್ನು ಉಳಿದದ್ದು ಇದೊಂದೇ ಜಾಗ.

ಗಂಡನ ಕಿವಿಗೆ ಬಗ್ಗಿದಳು. ಹೆಸರು ಕರೆಯಲಿಲ್ಲ.

"ಅವನನ್ನ ಕಡಿದಾಂವ ನೀನೇನು?"

ಗಂಡಸರು ಬೆಚ್ಚಿದರು. ಆಕೆ ಮತ್ತೊಮ್ಮೆ ಕೇಳಿದಳು, ಈ ಸಲ ಗಟ್ಟಿಯಾಗಿ. ಉಚ್ಚಮ್ಮ ಮಂಡಿಯೂರಿ ಬಗ್ಗಿ ಹೆಣದ ಬಾಯಿಯ ಹತ್ತಿರ ಕಿವಿ ತಂದಳು.

"ವದಿನಾ, ಏನಿದು! ಹೆಸರು ಕರಿ ಅಂದ್ರ..." ನಾಗಭೂಷಣ ಆಕೆಯ ಭುಜ ಹಿಡಿದ.

ಗಾದಿಲಿಂಗಮ್ಮ ಕೊಡವಿಕೊಂಡಳು. ಬಾಯಿ ತೆರೆಯದಿರಲೆಂದು ಹೆಣದ ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದಿದ್ದರು. ಮೂರನೆಯ ಸಲ ಕೇಳುವ ಮೊದಲು ಆಕೆ ಅದರ ಗಂಟನ್ನು ಬಿಚ್ಚತೊಡಗಿದಳು.